ತಿಥಿಯಿಲ್ಲದ ಊರಿಗೆ ಒಂದು ಸಿನಿಮಾ

ಸಿಗಂದೂರಿಗೆ ಸೇತುವೆ ಆದ ಮೇಲೆ ನಮ್ಮ ಸೋದರತ್ತೆ ಒಂದೇ ಹಟ ಹಿಡಿದಿದ್ದರು. ‘ಒಂದ್ಸಲ ಅದರ ಮೇಲೆ ಕರಕೊಂಡು ಹೋಗು.’ ವಯಸ್ಸು ಎಂಬತ್ತೆರಡು, ಮಂಡಿನೋವು ಬೇರೆ. ಆದರೂ ಕರೆದುಕೊಂಡು ಹೋದೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ 2.44 ಕಿಲೋಮೀಟರ್ ಸೇತುವೆ, 2025ರ ಜುಲೈ 14ರಂದು ಉದ್ಘಾಟನೆಯಾಗಿದ್ದು. ದಶಕಗಟ್ಟಲೆ ಲಾಂಚಿಗೆ ಕಾದು, ಕೊನೇ ಲಾಂಚ್ ತಪ್ಪಿದರೆ ರಾತ್ರಿಯಿಡೀ ದಡದಲ್ಲೇ ಕೂತು ಬೆಳಗು ಮಾಡಿದ ಜನ ಈಗ ಐದು ನಿಮಿಷದಲ್ಲಿ ದಾಟುತ್ತಾರೆ. ಬಸ್ಸಿನಲ್ಲಿದ್ದವರೆಲ್ಲ ಮೊಬೈಲು ಹೊರಗೆ ಹಿಡಿದು ಫೋಟೋ ತೆಗೆಯುವ ಗಡಿಬಿಡಿಯಲ್ಲಿದ್ದರು. ಅತ್ತೆ ಮಾತ್ರ ಕಿಟಕಿಯ ಸರಳು ಹಿಡಿದುಕೊಂಡು ನೀರನ್ನೇ ನೋಡುತ್ತಿದ್ದರು. ಅರ್ಧ ದಾಟಿದ ಮೇಲೆ ಬೆರಳು ಮಾಡಿ ತೋರಿಸಿದರು.

‘ಅಲ್ಲೇ ಕಣೋ ಮಾಣಿ. ಆ ಗುಡ್ಡದ ಬುಡದಿಂದ ಈಚೆ. ನಮ್ಮ ಬಾವಿ ಇದ್ದಿದ್ದು.’

ನೋಡಿದೆ. ನೀರಿತ್ತು. ನೀರಿನ ಮೇಲೆ ಬಿಸಿಲಿತ್ತು. ನಾನು ಏನು ಹೇಳಲಿ? ಯಾರಾದರೂ ಸತ್ತರೆ ಏನು ಹೇಳಬೇಕು ಅನ್ನುವುದು ನಮಗೆಲ್ಲ ಬಾಯಿಪಾಠ. ‘ಋಣ ತೀರಿತು’, ‘ಅನುಭವಿಸಲಿಲ್ಲ, ಪುಣ್ಯವಂತರು’, ‘ದೇವರು ಕರಕೊಂಡ’ ಅಂತ ಏನೋ ಒಂದು ಹೇಳಿ, ಕೊಟ್ಟ ಕಾಫಿ ಕುಡಿದು ಎದ್ದು ಬರುತ್ತೇವೆ. ಊರು ಸತ್ತವರಿಗೆ ಹೇಳಲಿಕ್ಕೆ ಒಂದು ಮಾತೂ ನಮ್ಮ ಹತ್ತಿರ ಇಲ್ಲ.

ಸೂತಕ ಯಾರಿಗೆ?

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನೀರು 1819 ಅಡಿ ಮುಟ್ಟಿದರೆ ಅದು ಭರ್ತಿ. ಈ ಅಂಕಿ ನಮ್ಮ ಸಾಗರ, ಹೊಸನಗರದ ಕಡೆ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ಪೇಟೆಗೆ ಬಂದವರು ಅಡಿಕೆ ಧಾರಣೆ ಕೇಳಿದ ಮೇಲೆ ಕೇಳುವುದು ಡ್ಯಾಮಿನ ನೀರು ಎಷ್ಟಾಯಿತು ಅಂತ. ಶರಾವತಿಯಿಂದ ನಾಡಿಗೆ 1035 ಮೆಗಾವಾಟ್ ಬೆಳಕು ಬಂತು, ಅದರ ಬಗ್ಗೆ ತಕರಾರಿಲ್ಲ. ಎರಡು ತಾಲೂಕಿನ ನೂರಕ್ಕೂ ಹೆಚ್ಚು ಹಳ್ಳಿಗಳ ಗದ್ದೆ, ತೋಟ, ಭೂತನ ಕಟ್ಟೆ, ಹೆಣ ಸುಟ್ಟ ಜಾಗ, ಹೆರಿಗೆಯಾದ ಕೋಣೆ ಎಲ್ಲ ಅಡಿಗೆ ಹೋಯಿತು. ಜನರನ್ನು ಲಾರಿಗೆ ತುಂಬಿ ಆನಂದಪುರ, ರಿಪ್ಪನ್‌ಪೇಟೆ, ಶಿವಮೊಗ್ಗದ ಕಡೆಯ ಕಾಡಿಗೆ ತಂದು ಇಳಿಸಿದರು. ಉಳಿದವರು ಹಿನ್ನೀರಿನ ಅಂಚಿಗೆ ಗುಡ್ಡ ಹತ್ತಿ ಕೂತು, ನಾಡಿಗೆಲ್ಲ ಕರೆಂಟು ಹೋಗುವುದನ್ನು ವರ್ಷಗಟ್ಟಲೆ ಚಿಮಣಿ ದೀಪದ ಬೆಳಕಿನಲ್ಲಿ ನೋಡಿದರು.

ಮನುಷ್ಯ ಸತ್ತರೆ ನಮ್ಮಲ್ಲಿ ಎಷ್ಟೊಂದು ವ್ಯವಸ್ಥೆ ಇದೆ ನೋಡಿ. ಮೂರನೇ ದಿನ, ಹತ್ತನೇ ದಿನ, ಹದಿಮೂರನೇ ದಿನ, ಮಾಸಿಕ, ವರ್ಷಾಂತಿಕ. ಆಮೇಲೆ ವರ್ಷಕ್ಕೊಂದು ತಿಥಿ. ಇದೆಲ್ಲ ಸತ್ತವರಿಗೆ ತಲುಪುತ್ತದೋ ಇಲ್ಲವೋ ಶಾಸ್ತ್ರ ತಿಳಿದವರು ಹೇಳಲಿ. ಬದುಕಿದ್ದವರಿಗೆ ಮಾತ್ರ ಇದರಿಂದ ಉಪಕಾರ ಉಂಟು. ಇಂಥ ದಿನ ಅಳಬೇಕು, ಇಂಥ ದಿನದಿಂದ ಸಿಹಿ ತಿನ್ನಬಹುದು ಅಂತ ದುಃಖಕ್ಕೊಂದು ಪಂಚಾಂಗ ಹಾಕಿಕೊಟ್ಟಿದ್ದಾರೆ. ಮುಳುಗಿದ ಊರಿಗೆ ಹಾಗೆ ಏನೂ ಇಲ್ಲ. ಅದು ಸತ್ತ ದಿನ ಯಾವುದು? ಅಂಗಳಕ್ಕೆ ನೀರು ಬಂದ ದಿನವೋ, ಮಾಡು ಮುಳುಗಿದ ದಿನವೋ? ಕೆಲವು ಬಿರುಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೇ ಡ್ಯಾಮೇ ಎದ್ದು ಕಾಣಿಸಿಕೊಳ್ಳುತ್ತದೆ, ಜನ ನೋಡಲಿಕ್ಕೆ ಹೋಗುತ್ತಾರೆ. ಸತ್ತದ್ದು ಹೀಗೆ ನಡುನಡುವೆ ಎದ್ದು ಬಂದರೆ ಶ್ರಾದ್ಧ ಮಾಡುವುದಾದರೂ ಹೇಗೆ ಮಾರಾಯ್ರೆ?

ಆ ಶ್ರಾದ್ಧವನ್ನು ನಾನು ನೋಡಿದ್ದು ಒಂದು ಸಿನಿಮಾದಲ್ಲಿ.

ಕೆಸಲೂರಿನ ಹುಡುಗ

ತೀರ್ಥಹಳ್ಳಿ ತಾಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿಯವರ ಹೆಸರು ಗೊತ್ತಿಲ್ಲದವರು ಈ ಸೀಮೆಯಲ್ಲಿ ಇಲ್ಲ. ಹೆಸರು ಗೊತ್ತು, ಸಿನಿಮಾ ನೋಡಿಲ್ಲ ಅನ್ನುವವರು ಬೇಕಾದಷ್ಟು ಇದ್ದಾರೆ, ಅದು ಬೇರೆ ಮಾತು. ಅವರ ಮೊದಲ ಚಿತ್ರವೇ ಒಂದು ಶ್ರಾದ್ಧದ ಕತೆ. 1977ರ ‘ಘಟಶ್ರಾದ್ಧ’. ಕತೆ ಬರೆದ ಅನಂತಮೂರ್ತಿಯವರೂ ತೀರ್ಥಹಳ್ಳಿ ಕಡೆಯವರೇ. ವೇದಪಾಠಶಾಲೆ ನಡೆಸುವ ಉಡುಪರ ವಿಧವೆ ಮಗಳು ಯಮುನಕ್ಕ ಬಸುರಾಗುತ್ತಾಳೆ. ಬದುಕಿದ್ದ ಮಗಳಿಗೆ ಅಪ್ಪನೇ ಘಟಶ್ರಾದ್ಧ ಮಾಡಿ ಮನೆಯಿಂದ ಹೊರಗೆ ಹಾಕುತ್ತಾನೆ. ಅಕ್ಕನನ್ನು ಹಚ್ಚಿಕೊಂಡಿದ್ದ ಪುಟ್ಟ ನಾಣಿ ಊರು ಬಿಟ್ಟು ಹೋಗುವಾಗ, ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕೂತ ಅವಳನ್ನು ತಿರುಗಿ ನೋಡುತ್ತಾನೆ. ಆ ವರ್ಷದ ಸ್ವರ್ಣ ಕಮಲ ಅದಕ್ಕೆ ಬಂತು. ಕೆಟ್ಟುಹೋಗಿದ್ದ ಪ್ರಿಂಟನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಸಾಗರದಲ್ಲಿ ಅದನ್ನು ಯಾವಾಗ ತೋರಿಸುತ್ತಾರೆ ಅಂತ ಕೇಳಿದರೆ ನಗುತ್ತೀರಿ, ಗೊತ್ತು.

ಬದುಕಿದ್ದ ಹೆಂಗಸಿಗೆ ಶ್ರಾದ್ಧ ಮಾಡಿದ ಸಮಾಜ, ಸತ್ತ ಊರಿಗೆ ಒಂದು ಎಳ್ಳುನೀರೂ ಬಿಡಲಿಲ್ಲ. ಅದನ್ನು ಬಿಟ್ಟವರೂ ಅದೇ ಕೆಸಲೂರಿನ ಹುಡುಗ. 2002ರ ‘ದ್ವೀಪ’. ಕಾದಂಬರಿ ನಮ್ಮ ಸಾಗರದ ನಾ. ಡಿಸೋಜರದು. ಡಿಸೋಜರು ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರು. ಊರು ಮುಳುಗಿಸುವ ಕಡತ ಓಡಾಡುವ ಕಚೇರಿಯಲ್ಲೇ ಕೂತು, ಮುಳುಗಿದವರ ಕತೆ ಬರೆದವರು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಅವರು ತೀರಿಕೊಂಡದ್ದು 2025ರ ಜನವರಿಯಲ್ಲಿ. ಸೇತುವೆ ಆಗುವುದಕ್ಕೆ ಆರು ತಿಂಗಳು ಮೊದಲು.

‘ದ್ವೀಪ’ದಲ್ಲಿ ಇರುವುದು ಮುಖ್ಯವಾಗಿ ಮೂರೇ ಜನ. ಗುಡ್ಡದ ದೇವಸ್ಥಾನದ ಮುದುಕ ಪೂಜಾರಿ ದುಗ್ಗಜ್ಜ, ಮಗ ಗಣಪ, ಸೊಸೆ ನಾಗಿ. ಊರವರೆಲ್ಲ ಪರಿಹಾರ ತೆಗೆದುಕೊಂಡು ಹೊರಡುತ್ತಾರೆ. ಇವರ ಹತ್ತಿರ ಇರುವ ಜಮೀನಿನ ಬೆಲೆಯನ್ನು ಸರ್ಕಾರ ಲೆಕ್ಕ ಹಾಕಬಹುದು. ಊರಿನವರು ಕೊಡುತ್ತಿದ್ದ ಮರ್ಯಾದೆಗೆ, ದೇವರ ಸೇವೆಗೆ ರೇಟು ಎಲ್ಲಿಂದ ತರುತ್ತಾರೆ? ಮಳೆ ಹೊಡೆಯುತ್ತದೆ, ನೀರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಚಿತ್ರದಲ್ಲಿ ದೊಡ್ಡ ಭಾಷಣ ಇಲ್ಲ, ಘೋಷಣೆ ಇಲ್ಲ. ನಾಗಿ ಒಲೆ ಹೊತ್ತಿಸುತ್ತಾಳೆ, ದನ ನೋಡುತ್ತಾಳೆ, ನೀರು ಎಷ್ಟು ಬಂತು ಅಂತ ನೋಡುತ್ತಾಳೆ. ಅಷ್ಟೇ. ಆದರೆ ಆ ಮಳೆಯ ಸದ್ದಿದೆಯಲ್ಲ, ಅದು ನಮ್ಮ ಮಾಡಿನ ಮೇಲೆ ಬೀಳುವ ಮಳೆಯೇ.

ನಾಗಿಯಾಗಿ ನಟಿಸಿ, ಕೈಯಿಂದ ದುಡ್ಡು ಹಾಕಿ ಆ ಚಿತ್ರ ನಿರ್ಮಿಸಿದವರು ಸೌಂದರ್ಯ. ತೆಲುಗಿನಲ್ಲಿ ದೊಡ್ಡ ತಾರೆಯಾಗಿ ಮೆರೆಯುತ್ತಿದ್ದ ಹೆಣ್ಣುಮಗಳು ಇಂಥದ್ದಕ್ಕೆ ಕೈಹಾಕಿದ್ದು ಸಣ್ಣ ಮಾತಲ್ಲ. ಚಿತ್ರಕ್ಕೆ ಸ್ವರ್ಣ ಕಮಲ ಬಂತು. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನ ಹತ್ತಿರ ವಿಮಾನ ಬಿದ್ದು ಅವರೂ ಅವರ ಅಣ್ಣನೂ ತೀರಿಕೊಂಡರು. ಆಮೇಲೆ ‘ದ್ವೀಪ’ ನೋಡುವವರಿಗೆ ಅಳಲಿಕ್ಕೆ ಇನ್ನೊಂದು ಕಾರಣವಾಯಿತು. ಊರಿಗಾಗಿ ಅಳಲು ಕೂತವರು ನಾಗಿಗಾಗಿಯೂ ಅತ್ತು ಏಳುತ್ತಾರೆ.

ಟೆಂಟಿನ ಕತ್ತಲೆ

ಇಲ್ಲಿ ನನ್ನದೊಂದು ಸ್ವಂತ ವಿಷಯ ಹೇಳಬೇಕು. ನಮ್ಮ ತಂದೆ ತೀರಿಕೊಂಡಾಗ ನನಗೆ ಹದಿನೇಳು ವರ್ಷ. ಸುಟ್ಟು ಬಂದ ಮೇಲೂ, ಅಸ್ಥಿ ಬಿಟ್ಟ ಮೇಲೂ ಒಂದು ಹನಿ ಕಣ್ಣೀರು ಬರಲಿಲ್ಲ. ಸಾವಿನ ಮನೆಯಲ್ಲಿ ಬಂದವರೆಲ್ಲ ನಮ್ಮ ಮುಖವನ್ನೇ ನೋಡುತ್ತಾರೆ. ಅತ್ತರೆ ‘ನೀನೇ ಹಿಂಗಾದ್ರೆ ಅಮ್ಮಂಗೆ ಯಾರು, ಗಟ್ಟಿಯಾಗಿರು’ ಅನ್ನುತ್ತಾರೆ. ಅಳದಿದ್ದರೆ ಹಿತ್ತಿಲಿಗೆ ಹೋಗಿ ‘ಕಲ್ಲು ಮನಸ್ಸು ಕಣೇ’ ಅಂತ ಮಾತಾಡಿಕೊಳ್ಳುತ್ತಾರೆ. ಹದಿಮೂರು ದಿನ ಕಳೆಯಿತು. ವರ್ಷದೊಳಗೆ ಹಬ್ಬ ಇಲ್ಲ, ಮದುವೆಮನೆ ಊಟ ಇಲ್ಲ, ಸಿನಿಮಾವಂತೂ ಮಾತೇ ಇಲ್ಲ.

ಒಂದು ತಿಂಗಳಾದ ಮೇಲೆ ಸೋದರಮಾವ ಯಾರಿಗೂ ಹೇಳದೆ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಪಕ್ಕದೂರಿನ ಟೆಂಟಿಗೆ ಕರೆದುಕೊಂಡು ಹೋದರು. ನಮ್ಮ ಕಡೆ ಟೂರಿಂಗ್ ಟಾಕೀಸು ಅಂದರೆ ಮಳೆಗಾಲ ಮುಗಿದ ಮೇಲಿನ ವ್ಯವಹಾರ. ದೀಪಾವಳಿ ಕಳೆದು ಗದ್ದೆ ಒಣಗಿದರೆ ಟೆಂಟು ಬರುತ್ತಿತ್ತು, ಜೂನಿಗೆ ಗಂಟುಮೂಟೆ ಕಟ್ಟುತ್ತಿತ್ತು. ನೆಲ, ಬೆಂಚು, ಕುರ್ಚಿ ಅಂತ ಮೂರು ದರ. ಶುರುವಿಗೆ ಘಂಟಸಾಲರ ವೆಂಕಟೇಶನ ಹಾಡು ಹಾಕಿದರೆ ಜನ ಓಡುತ್ತಾ ಬರುತ್ತಿದ್ದರು. ಆವತ್ತು ‘ಕಸ್ತೂರಿ ನಿವಾಸ’. 1971ರ ಚಿತ್ರ, ನಮ್ಮ ಕಡೆಗೆ ಮತ್ತೆ ಮತ್ತೆ ಬರುತ್ತಲೇ ಇತ್ತು. ಹೆಂಡತಿ ಮಗಳನ್ನು ಕಳೆದುಕೊಂಡ ಸಾಹುಕಾರ ಕೊಟ್ಟು ಕೊಟ್ಟು ಬರಿಗೈಯಾಗುತ್ತಾನೆ. ಕೊನೆಗೆ ಮನೆಗೆ ಬಂದವಳಿಗೆ ಊಟ ಹಾಕಲಿಕ್ಕೆ ಪ್ರೀತಿಯ ಪಾರಿವಾಳವನ್ನೂ ಮಾರುತ್ತಾನೆ. ಅವಳು ಬಂದದ್ದೇ ಆ ಪಾರಿವಾಳ ಕೇಳಲಿಕ್ಕೆ! ರಾಜಕುಮಾರ್ ಮುಖ ನೋಡುತ್ತಾ ನೋಡುತ್ತಾ ನನಗೆ ನಮ್ಮಪ್ಪ ಬಾಗಿಲಲ್ಲಿ ನಿಂತು ಬಂದವರನ್ನು ‘ಊಟ ಮಾಡ್ಕೊಂಡೇ ಹೋಗಿ’ ಅಂತ ಕರೆಯುತ್ತಿದ್ದದ್ದು ಕಂಡಿತು. ಎಲ್ಲಿತ್ತೋ ಏನೋ, ಕಟ್ಟೆ ಒಡೆಯಿತು. ಬಿಕ್ಕಿ ಬಿಕ್ಕಿ ಅತ್ತೆ.

ಯಾರೂ ತಿರುಗಿ ನೋಡಲಿಲ್ಲ. ಪಕ್ಕದ ಗಾಡಿ ಹೊಡೆಯುವ ಆಳು ಅಳುತ್ತಿದ್ದ, ಮುಂದಿನ ಸಾಲಿನ ಹೆಂಗಸರು ಅಳುತ್ತಿದ್ದರು. ಅವರು ಪಾರಿವಾಳಕ್ಕೆ ಅಳುತ್ತಿದ್ದರೋ, ಅವರವರ ಮನೆಯ ಯಾವ ಸಾವಿಗೋ? ಒಂದೇ ಪ್ರೊಜೆಕ್ಟರಿನ ಟೆಂಟು, ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ದೀಪ ಹತ್ತಿದ ಕೂಡಲೆ ಎಲ್ಲರೂ ಮೂಗು ಒರೆಸಿಕೊಂಡು ಶೇಂಗಾದವನನ್ನು ಕರೆಯುತ್ತಿದ್ದರು. ದೀಪ ಆರಿದರೆ ಮತ್ತೆ ಅಳು. ಮಾವ ದಾರಿಯಲ್ಲಿ ಒಂದೂ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ‘ಮುಖ ತೊಳ್ಕೊ’ ಅಂದರು, ಅಷ್ಟೇ. ಆ ರಾತ್ರಿ ತಿಂಗಳ ಮೇಲೆ ಮೊದಲ ಸಲ ನಿದ್ದೆ ಬಂತು.

ಸಿನಿಮಾ ದುಃಖ ಮರೆಸುತ್ತದೆ ಅಂತ ಹೇಳುವವರು ನನ್ನ ಲೆಕ್ಕದಲ್ಲಿ ಅರ್ಧ ಮಾತ್ರ ತಿಳಿದವರು. ಮರೆಸುವುದಕ್ಕೆ ಇಸ್ಪೀಟು ಸಾಕು, ಸಾರಾಯಿ ಸಾಕು. ನನಗೆ ಆವತ್ತು ಆಗಿದ್ದು ಬೇರೆ. ಇನ್ನೊಬ್ಬರ ಕತೆಯ ಮರೆಯಲ್ಲಿ ಕೂತು ನಮ್ಮದನ್ನು ಅಳಬಹುದು. ಕಾರಣ ಕೇಳಿದರೆ ‘ಪಿಚ್ಚರ್ ಹಾಗಿತ್ತು’ ಅಂದರೆ ಆಯಿತು. ಗಂಡಸರಿಗಂತೂ ನಮ್ಮ ಸೀಮೆಯಲ್ಲಿ ಇದೊಂದೇ ದಾರಿ ಇದ್ದದ್ದು.

ಹೆಗ್ಗೋಡಿನ ಪಾಠ

ಇದನ್ನು ನನಗೆ ಬಿಡಿಸಿ ತೋರಿಸಿದ್ದು ಹೆಗ್ಗೋಡು. ಸಾಗರದಿಂದ ಎಂಟು-ಹತ್ತು ಕಿಲೋಮೀಟರ್ ದೂರದ ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಕಾಸರವಳ್ಳಿಯವರಿಗೆ ಅವರು ಸೋದರಮಾವ. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪೇಟೆಯವರಿಗೆ ಎಚ್ಚರವಾಯಿತು. ಅದಕ್ಕೂ ಮೊದಲೇ ಅಡಿಕೆ ಸುಲಿಯುವ ಕೈಗಳು ಅಲ್ಲಿ ಜಗತ್ತಿನ ಸಿನಿಮಾ ನೋಡಿ ಚರ್ಚೆ ಮಾಡಿಯಾಗಿತ್ತು. ಹಳ್ಳಿಯವರಿಗೆ ಬಂಗಾಳಿ ಚಿತ್ರ ಎಂಥ ಅರ್ಥ ಆಗ್ತದೆ ಅಂತ ಮೂಗು ಮುರಿದವರೂ ಇದ್ದರು.

ನಾನು ‘ಪಥೇರ್ ಪಾಂಚಾಲಿ’ ನೋಡಿದ್ದು ಅಲ್ಲೇ. ಸತ್ಯಜಿತ್ ರಾಯ್ ಅವರ 1955ರ ಚಿತ್ರ. ಮಗಳು ದುರ್ಗಾ ಮಳೆಯಲ್ಲಿ ನೆಂದು ಜ್ವರ ಬಂದು ಸಾಯುತ್ತಾಳೆ. ಅಪ್ಪ ಊರಲ್ಲಿಲ್ಲ. ತಿಂಗಳುಗಳ ಮೇಲೆ ಬಂದವನು ಏನೂ ಗೊತ್ತಿಲ್ಲದೆ ಗಂಟು ಬಿಚ್ಚುತ್ತಾನೆ. ಅದು ಇದು ತೋರಿಸಿ, ಕೊನೆಗೆ ದುರ್ಗಾಳಿಗೆ ತಂದ ಸೀರೆ ಹೆಂಡತಿಯ ಕೈಗಿಡುತ್ತಾನೆ. ಅವತ್ತಿನವರೆಗೆ ಮರದ ಹಾಗಿದ್ದ ತಾಯಿ ಆ ಸೀರೆ ಬಾಯಿಗೆ ಒತ್ತಿಕೊಂಡು ಕುಸಿಯುತ್ತಾಳೆ. ಅವಳ ಕೂಗು ನಮಗೆ ಕೇಳುವುದಿಲ್ಲ. ರಾಯ್ ಆ ಕೂಗು ತೆಗೆದುಬಿಟ್ಟು ಆ ಜಾಗಕ್ಕೆ ತಾರ್ ಶಹನಾಯಿಯ ಒಂದು ಸ್ವರ ಇಟ್ಟಿದ್ದಾರೆ. ಕೂಗು ಇದ್ದಿದ್ದರೆ ಅದು ಆ ಬಂಗಾಳಿ ತಾಯಿಯದಾಗುತ್ತಿತ್ತು. ಇಲ್ಲದ್ದರಿಂದ ನೋಡುವವರು ಅವರವರ ಕೂಗನ್ನು ಅಲ್ಲಿ ಹಾಕಿಕೊಳ್ಳಬಹುದು. ನಮ್ಮ ಸಾಲಿನಲ್ಲಿ ಒಬ್ಬ ಹೆಂಗಸು ಕೂಡ ಸೆರಗು ಬಾಯಿಗೆ ಒತ್ತಿಕೊಂಡದ್ದು ಕಂಡೆ. ಅವರಿಗೆ ಬಂಗಾಳಿ ಒಂದಕ್ಷರ ಬರುತ್ತಿರಲಿಲ್ಲ.

ನಮ್ಮ ಹಿಂದಿನವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಭವಭೂತಿಯ ‘ಉತ್ತರರಾಮಚರಿತ’ ಶುರುವಾಗುವುದೇ ರಾಮ ಸೀತೆಯರು ತಮ್ಮ ವನವಾಸದ ಚಿತ್ರಪಟ ನೋಡಿ ಕಣ್ಣೀರು ಹಾಕುವುದರಿಂದ. ಕೊನೆಯ ಅಂಕದಲ್ಲಿ ವಾಲ್ಮೀಕಿ ಸೀತೆಯ ಕತೆಯನ್ನೇ ನಾಟಕ ಆಡಿಸುತ್ತಾನೆ, ಪ್ರೇಕ್ಷಕನಾಗಿ ಕೂತ ರಾಮ ಮೂರ್ಛೆ ಹೋಗುತ್ತಾನೆ. ಮಾಡಿದ ತಪ್ಪನ್ನು, ಕಳಕೊಂಡವಳನ್ನು ರಾಮನಂಥ ರಾಮನಿಗೂ ನೇರ ನೋಡಲಿಕ್ಕಾಗದೆ ರಂಗದ ಮೇಲೆ ನೋಡಬೇಕಾಯಿತು. ಆಗ ಸಿನಿಮಾ ಇರಲಿಲ್ಲ, ಅಷ್ಟೇ.

ಆಟೋದ ಮೇಲಿನ ಶಂಕ್ರಣ್ಣ

ಹೊಸನಗರ ತಾಲೂಕಿಗೆ ಬನ್ನಿ. ಅರಸಾಳು ರೈಲ್ವೆ ಸ್ಟೇಷನ್ನು. 1986ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ಗೆ ಶಂಕರನಾಗ್ ಆಗುಂಬೆಯನ್ನು ಮಾಲ್ಗುಡಿ ಮಾಡಿದರು, ಈ ಅರಸಾಳನ್ನು ಮಾಲ್ಗುಡಿಯ ಸ್ಟೇಷನ್ ಮಾಡಿದರು. ಹಳೇ ಕಟ್ಟಡವನ್ನು 2020ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಶಂಕರನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಅಪಘಾತದಲ್ಲಿ ಹೋದರು. ಅವರು ಹೋದ ಮೇಲೆ ಹುಟ್ಟಿದ ಹುಡುಗರ ಆಟೋಗಳ ಹಿಂದೆಯೂ ಇವತ್ತಿಗೂ ಅವರದೇ ಚಿತ್ರ. ‘ಆಟೋರಾಜ’ ಬಂದದ್ದು 1980ರಲ್ಲಿ. ಸಾಗರದ ಸ್ಟ್ಯಾಂಡಿನಲ್ಲಿ ಒಬ್ಬನನ್ನು ಕೇಳಿದೆ, ‘ನೀನು ನೋಡದ ಮನುಷ್ಯ, ಯಾಕಪ್ಪಾ?’ ‘ನಮ್ಮಪ್ಪ ಹಾಕಿಸ್ಕಂಡಿದ್ರು ಸಾರ್, ಅಪ್ಪ ಹೋದ್ರು, ಇದು ಇರ್ಲಿ ಅಂತ’ ಅಂದ. ಅಲ್ಲಿಗೆ ಆ ಚಿತ್ರ ಯಾರ ನೆನಪು ಅಂತ ನೀವೇ ಲೆಕ್ಕ ಹಾಕಿ.

ಮೊನ್ನೆ ಮೊನ್ನೆಯ ಪುನೀತ್ ವಿಷಯವೂ ಹೀಗೇ. 2021ರ ಅಕ್ಟೋಬರ್ 29ರಂದು ನಲವತ್ತಾರು ವರ್ಷದ ಹುಡುಗ ಹೋದಾಗ ನಾಡಿಗೆ ನಾಡೇ ದಂಗು ಬಡಿಯಿತು. ಮುಂದಿನ ಮಾರ್ಚ್ 17ಕ್ಕೆ, ಅವರ ಹುಟ್ಟಿದ ದಿನವೇ, ‘ಜೇಮ್ಸ್’ ಬಂತು. ಡಬ್ಬಿಂಗ್ ಆಗುವ ಮೊದಲೇ ಹೋಗಿದ್ದರಿಂದ ತಮ್ಮನ ತುಟಿಗೆ ಅಣ್ಣ ಶಿವರಾಜಕುಮಾರ್ ದನಿ ಕೊಟ್ಟರು. ಆ ಡಬ್ಬಿಂಗ್ ಕೋಣೆಯಲ್ಲಿ ಆ ಮನುಷ್ಯ ಹೇಗೆ ನಿಂತರೋ. ಚಿತ್ರ ಹೇಗಿತ್ತು ಅಂತ ಕೇಳಿದರೆ ಸಾಧಾರಣ ಅನ್ನುತ್ತೇನೆ. ಆದರೆ ಆವತ್ತು ಅದನ್ನು ಚಿತ್ರ ಅಂತ ನೋಡಲಿಕ್ಕೆ ಹೋದವರು ಎಷ್ಟು ಜನ? ಹದಿಮೂರನೇ ದಿನದ ಊಟಕ್ಕೆ ಹೋಗಿ ಪಲ್ಯಕ್ಕೆ ಉಪ್ಪು ಕಡಿಮೆ ಅಂತ ಯಾರೂ ಹೇಳುವುದಿಲ್ಲ. ವರ್ಷ ತುಂಬುವ ಹಿಂದಿನ ದಿನ, 2022ರ ಅಕ್ಟೋಬರ್ 28ಕ್ಕೆ, ‘ಗಂಧದ ಗುಡಿ’ ಬಂತು. ಅದರಲ್ಲಿ ವೇಷ ಇಲ್ಲ, ಫೈಟಿಂಗ್ ಇಲ್ಲ. ಕಾಡು ಸುತ್ತುವ ಪುನೀತ್ ಪುನೀತೇ. ಅದು ವರ್ಷಾಂತಿಕ ಅಲ್ಲದೆ ಮತ್ತೇನು?

ದೊಡ್ಡವರ ಮಾತು ಬಿಡಿ. ನಮ್ಮ ಮನೆಮನೆಗಳಲ್ಲೂ ಒಂದೊಂದು ಸಿನಿಮಾ ಇದೆ, ಮದುವೆ ಕ್ಯಾಸೆಟ್ಟು. ತೆಗೆಸಿದಾಗ ಯಾರೂ ಪೂರ್ತಿ ನೋಡಿರುವುದಿಲ್ಲ, ಮೂರು ಗಂಟೆ ಊಟದ ಪಂಕ್ತಿ ಯಾರು ನೋಡುತ್ತಾರೆ? ಮನೆಯಲ್ಲಿ ಒಬ್ಬರು ಹೋದ ಮೇಲೆ ಆ ಪಂಕ್ತಿಯೇ ಬೇಕಾಗುತ್ತದೆ. ತೀರ್ಥಹಳ್ಳಿಯ ಗೆಳೆಯರೊಬ್ಬರ ಮನೆಯಲ್ಲಿ ನೋಡಿದ್ದೇನೆ. ಪಂಚೆ ಎತ್ತಿ ಕಟ್ಟಿದ ಅವರ ತಂದೆ ಹೋಳಿಗೆ ಬಡಿಸುತ್ತಾ ಬರುತ್ತಾರೆ, ಕ್ಯಾಮೆರಾ ಕಂಡು ನಾಚಿ ಮುಖ ತಿರುಗಿಸುತ್ತಾರೆ. ಅಷ್ಟೇ, ಏಳೆಂಟು ಸೆಕೆಂಡು. ಅವರ ತಾಯಿ ಅದನ್ನು ಎಷ್ಟು ಸಲ ಹಾಕಿಸಿದ್ದಾರೋ ಲೆಕ್ಕವಿಲ್ಲ. ನಮ್ಮ ಆಗುಂಬೆ ಸೀಮೆಯ ಮಳೆಗೆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಚಿತ್ರ ಅಲುಗುತ್ತದೆ. ಮನೆಯಲ್ಲಿ ಅಂಥದ್ದಿದ್ದರೆ ಇವತ್ತೇ ತೆಗೆದು ಯಾರಾದರೂ ತಿಳಿದ ಹುಡುಗರ ಕೈಲಿ ಕಂಪ್ಯೂಟರಿಗೆ ಹಾಕಿಸಿಡಿ. ಇದು ಬರೀ ಬರಹಗಾರನ ಮಾತಲ್ಲ, ಬುದ್ಧಿಮಾತು.

ಕಮಲ ಬಂತು, ಪತ್ರ ಬರಲಿಲ್ಲ

ಈ ಲೇಖನ ಬರೆಯುವ ಯೋಚನೆ ರಿಪ್ಪನ್‌ಪೇಟೆಯ ಹೋಟೆಲಿನಲ್ಲಿ ಹೇಳಿದಾಗ ಒಬ್ಬರು ಸರಿಯಾಗಿ ಉಗಿದರು. ‘ಸಿನಿಮಾ ನೋಡಿ ಅತ್ತು ಎಂಥ ಬಂತು ಮಾರಾಯ್ರೆ? ಸ್ವರ್ಣ ಕಮಲ ಬಂತು, ನಮಗೆ ಹಕ್ಕುಪತ್ರ ಬಂತಾ?’ ಅಂತ. ಬರಲಿಲ್ಲ. ಅರವತ್ತು ವರ್ಷದ ಮೇಲೂ ಸಂತ್ರಸ್ತರ ಜಮೀನಿನ ದಾಖಲೆಯ ಗೋಳು ತೀರಿಲ್ಲ. ಅರಣ್ಯ ಇಲಾಖೆ, ಕಂದಾಯ ಇಲಾಖೆ, ಕೋರ್ಟು ಅಂತ ಮೂರನೇ ತಲೆಮಾರು ಅಲೆಯುತ್ತಿದೆ. ಇರುವ ನೆಲವೂ ತನ್ನದಲ್ಲ ಅನ್ನುವವನಿಗೆ ಹೋದ ನೆಲಕ್ಕೆ ಅಳಲು ಪುರುಸೊತ್ತು ಎಲ್ಲಿ? ಅವರು ಹೇಳಿದ್ದನ್ನು ಒಪ್ಪುತ್ತೇನೆ. ಸಮಾಧಾನವನ್ನು ಪರಿಹಾರದ ಬದಲಿಗೆ ಹಂಚಲು ಹೊರಟರೆ ಅದು ಮೋಸ. ಮಾಡುವ ಸರ್ಕಾರಗಳಿಗೆ ಅದು ಬಹಳ ಅಗ್ಗವೂ ಹೌದು.

ಆದರೆ ಅವರೇ ಎರಡನೇ ಕಾಫಿ ಬಂದ ಮೇಲೆ ಅವರಮ್ಮನ ಕತೆ ಹೇಳಿದರು. ಇಡೀ ಜನ್ಮದಲ್ಲಿ ಮುಳುಗಿದ ಊರಿನ ಹೆಸರು ಎತ್ತದೆ, ಸಾಯುವ ಮುಂಚಿನ ವಾರ ಮಾತ್ರ ಆ ಊರಿನ ಗದ್ದೆಗಳ ಹೆಸರನ್ನೇ ಒಂದೊಂದಾಗಿ ಹೇಳುತ್ತಿದ್ದರಂತೆ. ‘ಯಾರಿಗೆ ಹೇಳ್ತಿದ್ರೋ ಏನೋ’ ಅಂದರು. ಆಮೇಲೆ ಬಿಲ್ಲು ಅವರೇ ಕೊಟ್ಟರು.

ನನಗೆ ಅನ್ನಿಸುವುದು ಇಷ್ಟು. ಆ ನೀರು ಬಂದಾಗ ಬುದ್ಧಿ ಬಂದಿದ್ದವರೆಲ್ಲ ಈಗ ಎಪ್ಪತ್ತು ದಾಟಿದವರು. ಇನ್ನು ಹತ್ತು ವರ್ಷಕ್ಕೆ ‘ಅಲ್ಲೇ ಕಣೋ’ ಅಂತ ಬೆರಳು ಮಾಡುವವರು ಯಾರೂ ಇರುವುದಿಲ್ಲ. ತುಮರಿಯಲ್ಲಿ, ರಿಪ್ಪನ್‌ಪೇಟೆಯಲ್ಲಿ, ಆನಂದಪುರದ ಸಂತ್ರಸ್ತರ ಊರುಗಳಲ್ಲಿ ಶಾಲೆ ಮೈದಾನಕ್ಕೆ ಒಂದು ಬಿಳಿ ಪರದೆ ಕಟ್ಟಿ ‘ದ್ವೀಪ’ ತೋರಿಸಲಿಕ್ಕೆ ಎಷ್ಟು ಖರ್ಚಾಗುತ್ತದೆ? ಸೇತುವೆ ಉದ್ಘಾಟನೆಯ ಫ್ಲೆಕ್ಸುಗಳ ದುಡ್ಡಿನಲ್ಲಿ ಹತ್ತು ಊರಿಗೆ ತೋರಿಸಬಹುದಿತ್ತು. ಪಂಚಾಯ್ತಿಯವರು, ಯುವಕ ಸಂಘದವರು ಮನಸ್ಸು ಮಾಡಬೇಕು. ಕರೆಂಟಿಗಾಗಿ ಊರು ಬಿಟ್ಟವರಿಗೆ ಒಂದು ಪ್ರೊಜೆಕ್ಟರಿಗಾಗುವಷ್ಟು ಕರೆಂಟು ಎರಡು ಗಂಟೆ ತಪ್ಪದೆ ಕೊಟ್ಟರೆ ಸಾಕು.

ಮೊಬೈಲಿನಲ್ಲಿ ನೋಡಿಕೊಳ್ಳಲಿ ಬಿಡಿ ಅನ್ನಬೇಡಿ. ಕಾಸರವಳ್ಳಿಯವರದೇ ‘ಗುಲಾಬಿ ಟಾಕೀಸ್’ ಇದೆ, 2008ರದು, ವೈದೇಹಿಯವರ ಕತೆ. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿ, ಗಂಡ ಬಿಟ್ಟ ಒಂಟಿ ಹೆಂಗಸು, ಉಮಾಶ್ರೀ ಜೀವ ತುಂಬಿದ ಪಾತ್ರ. ಅವಳ ಮನೆಗೆ ಟಿ.ವಿ. ಬರುತ್ತದೆ, ಕೇರಿಯ ಹೆಂಗಸರೆಲ್ಲ ಬಂದು ಕೂರುತ್ತಾರೆ. ಅವರು ಟಿ.ವಿ. ನೋಡುವುದೆಷ್ಟೋ, ಅದರ ನೆಪದಲ್ಲಿ ತಮ್ಮ ತಮ್ಮ ಮನೆಯ ಸಂಕಟ ಬಿಚ್ಚುವುದು ಅಷ್ಟೇ. ಒಬ್ಬೊಬ್ಬರೇ ಕಂಬಳಿಯೊಳಗೆ ಮೊಬೈಲು ಹಿಡಿದು ಅಳುವುದು ಬೇರೆ, ನೆಲದ ಮೇಲೆ ಸಾಲಾಗಿ ಕೂತು ಅಳುವುದು ಬೇರೆ.

ಸಿಗಂದೂರಿನಿಂದ ಬಂದ ರಾತ್ರಿ ಮಗ ‘ದ್ವೀಪ’ವನ್ನು ಟಿ.ವಿ.ಗೆ ಹಾಕಿಕೊಟ್ಟ. ಅತ್ತೆ ಅಷ್ಟು ವರ್ಷ ಅದನ್ನು ನೋಡಿರಲಿಲ್ಲ, ‘ಬ್ಯಾಡ’ ಅನ್ನುತ್ತಿದ್ದರು. ಆವತ್ತು ಅವರೇ ಕೇಳಿದರು. ಕಾಲು ನೀಡಿಕೊಂಡು ಕವಳ ಹಾಕಿಕೊಂಡು ಕೂತರು. ಪಕ್ಕದ ಮನೆಯ ಇಬ್ಬರು ಬಂದರು. ಅರ್ಧದವರೆಗೆ ಬರೀ ತಪ್ಪು ಹಿಡಿದರು, ‘ನಮ್ ಕಡೆ ಹಗ್ಗ ಹಿಂಗ್ ಕಟ್ಟಲ್ಲ’, ‘ಆ ಹೊತ್ತಲ್ಲಿ ಯಾರು ಕಸ ಗುಡಿಸ್ತಾರೆ’ ಅಂತ. ನೀರು ಏರಲು ಶುರುವಾದ ಮೇಲೆ ಮಾತು ನಿಂತಿತು. ಕವಳ ಅಗಿಯುವುದೂ ನಿಂತಿತು. ಸೆರಗಿನ ತುದಿ ಕೈಯಲ್ಲಿ ಸುತ್ತಿಕೊಳ್ಳುತ್ತಾ ಕೂತರು. ಅತ್ತರೋ ಇಲ್ಲವೋ ನಾನು ನೋಡಲಿಲ್ಲ, ದೀಪ ಆರಿಸಿದ್ದೆವು.

ಮುಗಿದ ಮೇಲೆ ಮಗ ಎದ್ದು ದೀಪ ಹಾಕಲು ಹೋದ. ಅತ್ತೆ ಬೇಡ ಅಂತ 손 ಮಾಡದೆ, ಮೆತ್ತಗೆ ಹೇಳಿದರು.

‘ತಡಿ ಮಾಣಿ. ನೀರು ಬರೋಕೆ ಮುಂಚಿಂದು ಐತಲ, ಅಷ್ಟು ಇನ್ನೊಂದ್ಸಲ ಹಾಕು.’